ಮನೆಮಂದಿ ಬದಲಾದರೂ ಮನೆ ಉಳಿಯುವುದು ಹೇಗೆ?

ಕ್ರೈಸ್ತ ಸಂಸ್ಥೆಗಳ ಶಾಲೆಯಲ್ಲಿ ಓದಿದವರಿಗೆ ‘ಫಾದರ್’, ‘ಬ್ರದರ್’ ಎಂಬ ಪದಗಳು ಚಿರಪರಿಚಿತ. ಆದರೆ ಇವೆರಡರ ನಡುವಣ ವ್ಯತ್ಯಾಸ ಅನೇಕರಿಗೆ ತಿಳಿದಿರುವುದಿಲ್ಲ. ಫಾದರ್ ಎಂದರೆ ಗುರುದೀಕ್ಷೆ ಪಡೆದು ಬಲಿಪೂಜೆ ಅರ್ಪಿಸುವವರು. ಗುರುದೀಕ್ಷೆಗಾಗಿ ಓದುತ್ತಿರುವವರನ್ನೂ ನಮ್ಮಲ್ಲಿ ಬ್ರದರ್ ಎಂದು ಕರೆಯುವುದುಂಟು. ಆದರೆ ಆ ದೀಕ್ಷೆಯನ್ನು ಬಯಸದೆ, ಬಡತನ, ಬ್ರಹ್ಮಚರ್ಯ ಮತ್ತು ವಿಧೇಯತೆಯ ವ್ರತ ತೊಟ್ಟು ಜೀವನಪರ್ಯಂತ ಬ್ರದರ್ ಆಗಿಯೇ ಉಳಿಯುವವರ ಪ್ರತ್ಯೇಕ ಸಭೆಗಳು ಕಥೋಲಿಕ ಧರ್ಮಸಭೆಯಲ್ಲಿವೆ. ವಿಶ್ವಾದ್ಯಂತ ಗುರುದೀಕ್ಷೆಯಿಲ್ಲದ ಇಂತಹ ವ್ರತಧಾರಿ ಪುರುಷರ ಸಂಖ್ಯೆ ಸುಮಾರು 50 ಸಾವಿರ.

ಇವರು ಮೂವರು, ನಾಲ್ವರು ಅಥವಾ ಹತ್ತು ಮಂದಿ ಒಂದೇ ಮನೆಯಲ್ಲಿ ಕೂಡಿ ಬಾಳುತ್ತಾರೆ. ಆದರೆ ಆ ಮನೆಯ ಸದಸ್ಯರು ಶಾಶ್ವತರಲ್ಲ. ವರ್ಗಾವಣೆಯ ಮೇಲೆ ಬ್ರದರ್‌ಗಳು ಹೋಗುತ್ತಾರೆ, ಬರುತ್ತಾರೆ. ಸೇವೆಗಾಗಿ ಬಂದು ಅವರೊಡನೆ ನೆಲೆಸುವ ಸ್ವಯಂಸೇವಕರು ಒಂದೆರಡು ವರ್ಷಗಳಲ್ಲಿ ತೆರಳುತ್ತಾರೆ. ಹಾಗಾದರೆ ಆ ಮನೆಯನ್ನು ಹಿಡಿದು ನಿಲ್ಲಿಸಿರುವುದು ಯಾವುದು? ಶಿಕ್ಷಣ ಕ್ಷೇತ್ರದಲ್ಲಿ ಹೆಸರಾದ ಡಿ ಲಾ ಸಾಲ್ ಬ್ರದರ್‌ಗಳ ಸಭೆಯ ಇತಿಹಾಸ ಇದಕ್ಕೆ ಉತ್ತರ ನೀಡುತ್ತದೆ.

ಆರಂಭದಲ್ಲೇ ಅಗಲಿಕೆ

ಫ್ರಾನ್ಸ್‌ನ ರೀಮ್ಸ್ ನಗರದ ಶ್ರೀಮಂತ ಮನೆತನದಲ್ಲಿ 1651ರಲ್ಲಿ ಜನಿಸಿದ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್, ಬಡಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕರನ್ನು 1681ರಲ್ಲಿ ತಮ್ಮ ಮನೆಗೇ ಕರೆತಂದು ಇರಿಸಿಕೊಂಡರು. ಕೆಲವೇ ತಿಂಗಳುಗಳಲ್ಲಿ ಅವರಲ್ಲಿ ಹೆಚ್ಚಿನವರು ಹೊರಟುಹೋದರು; ಆ ಜಾಗಕ್ಕೆ ಹೊಸಬರು ಬಂದರು. ಸಭೆಯ ಮೊದಲ ಮನೆಯೇ ಸದಸ್ಯರ ಬದಲಾವಣೆಯನ್ನು ಕಂಡಿತು.

ಮುಂದೆ ಹಲವರ ಸಾವು ಮತ್ತು ನಿರ್ಗಮನದಿಂದ ಸಂಸ್ಥೆ ಕುಸಿಯುವ ಹಂತ ತಲುಪಿತು. ಆಗ, 1691ರಲ್ಲಿ, ಲಾ ಸಾಲ್ ತಮ್ಮ ಇಬ್ಬರು ಸಂಗಡಿಗರೊಂದಿಗೆ ಗುಟ್ಟಾಗಿ ಒಂದು ಪ್ರತಿಜ್ಞೆ ಕೈಗೊಂಡರು. ತಾವು ಮೂವರೇ ಉಳಿದರೂ, ಭಿಕ್ಷೆ ಬೇಡಿ ಬರಿಯ ರೊಟ್ಟಿ ತಿನ್ನಬೇಕಾಗಿ ಬಂದರೂ ಈ ಕಾರ್ಯವನ್ನು ಕೈಬಿಡುವುದಿಲ್ಲ ಎಂಬುದು ಅದರ ಸಾರ. ಆ ಇಬ್ಬರಲ್ಲಿ ನಿಕೊಲಾ ವಿಯಾರ್ ಅನಂತರ ಸಭೆಯನ್ನು ತೊರೆದರು. ಗೇಬ್ರಿಯಲ್ ದ್ರೊಲ್ಯಾಂ 1702ರಲ್ಲಿ ರೋಮ್‌ಗೆ ತೆರಳಿ, 26 ವರ್ಷಗಳ ಕಾಲ ಬಹುಮಟ್ಟಿಗೆ ಒಬ್ಬಂಟಿಯಾಗಿ ಅಲ್ಲಿದ್ದು ಸಭೆಯ ಬ್ರದರ್ ಆಗಿಯೇ ಉಳಿದರು. ಜೊತೆಯಲ್ಲಿ ವಾಸಿಸುವುದು ಬೇರೆ, ಸಭೆಗೆ ಸೇರಿರುವುದು ಬೇರೆ ಎಂಬುದಕ್ಕೆ ಇದೇ ನಿದರ್ಶನ.

ವರ್ಗಾವಣೆಯ ಕ್ರಮ

ಬೆನೆಡಿಕ್ಟೈನ್ ಸನ್ಯಾಸಿ ಒಂದು ನಿರ್ದಿಷ್ಟ ಮಠಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಲಾ ಸಾಲ್ ಬ್ರದರ್‌ಗಳ ಸ್ಥಿರತೆಯ ವ್ರತ ಯಾವುದೇ ಕಟ್ಟಡಕ್ಕೆ ಸಂಬಂಧಿಸಿದ್ದಲ್ಲ, ಇಡೀ ಸಭೆಗೆ ಸಂಬಂಧಿಸಿದ್ದು. ಪ್ರಾಂತ್ಯದ ಮುಖ್ಯಸ್ಥರಿಗೆ ‘ವಿಸಿಟರ್’ ಎಂದು ಹೆಸರು. ಯಾರು ಯಾವ ಮನೆಯಲ್ಲಿರಬೇಕು, ಮನೆಯ ಹಿರಿತನ ಯಾರದು ಎಂಬುದನ್ನು ನಿರ್ಧರಿಸುವವರು ಅವರೇ. ಸಾಮಾನ್ಯವಾಗಿ ಶಾಲಾ ವರ್ಷ ಮುಗಿದಾಗ ಈ ಬದಲಾವಣೆಗಳು ನಡೆಯುತ್ತವೆ.

ಹೊಸ ವರ್ಷಾರಂಭದಲ್ಲಿ ಮನೆಮಂದಿ ಒಟ್ಟಾಗಿ ಕುಳಿತು ವಾರ್ಷಿಕ ಯೋಜನೆಯೊಂದನ್ನು ಬರೆದುಕೊಳ್ಳುತ್ತಾರೆ. ಪ್ರಾರ್ಥನೆಯ ವೇಳೆ, ಒಟ್ಟಾಗಿ ಉಣ್ಣುವ ಹೊತ್ತು, ಖರ್ಚುವೆಚ್ಚ, ಅತಿಥಿ ಸತ್ಕಾರ ಎಲ್ಲವೂ ಅದರಲ್ಲಿ ಅಡಕ. ಹಳಬರಿಗೆ ಕಳೆದ ವರ್ಷದ ರೂಢಿಯನ್ನು ಹೊಸಬರ ಮೇಲೆ ಹೇರಲು ಅವಕಾಶ ಕಡಿಮೆ. ಒಬ್ಬರು ಬಂದರೂ, ಹೋದರೂ ಹೊಸದಾಗಿ ಮಾತುಕತೆ ನಡೆಯಬೇಕು ಎಂಬುದೇ ಈ ಪದ್ಧತಿಯ ತಿರುಳು.

ಸ್ವಯಂಸೇವಕರ ಆಗಮನ

ಅಮೆರಿಕದಲ್ಲಿ 1989ರಲ್ಲಿ ಲಾಸಾಲಿಯನ್ ವಾಲಂಟಿಯರ್ಸ್ ಯೋಜನೆ ಆರಂಭಗೊಂಡಾಗ ಈ ಮನೆಗಳಿಗೆ ಹೊಸ ಬಗೆಯ ಸದಸ್ಯರು ಬಂದರು. ಕಾಲೇಜು ಮುಗಿಸಿದ ಯುವಕ ಯುವತಿಯರು ಅಲ್ಪ ಭತ್ಯೆ ಪಡೆದು ಒಂದೆರಡು ವರ್ಷ ಬಡವರ ಶಾಲೆಗಳಲ್ಲಿ ದುಡಿಯುವುದು, ಸಾಧ್ಯವಾದೆಡೆ ಬ್ರದರ್‌ಗಳ ಜೊತೆಗೇ ವಾಸಿಸುವುದು ಇದರ ಕ್ರಮ. 1993ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ, 1995ರಲ್ಲಿ ಶಿಕಾಗೊದಲ್ಲಿ ತೆರೆದ ಸ್ಯಾನ್ ಮಿಗೆಲ್ ಶಾಲೆಗಳಿಗೂ ಇಂತಹ ಸ್ವಯಂಸೇವಕರ ನೆರವು ದೊರೆಯಿತು.

ಇವರು ವ್ರತಧಾರಿಗಳಲ್ಲ. ಬ್ರದರ್ ತಮ್ಮ ಸಂಬಳವನ್ನು ಸಾಮೂಹಿಕ ನಿಧಿಗೆ ಒಪ್ಪಿಸುತ್ತಾರೆ. ಸ್ವಯಂಸೇವಕರ ಭತ್ಯೆ ಅವರದೇ. ಆದರೆ ಪ್ರಾರ್ಥನೆಯಲ್ಲೂ ಊಟದ ಮೇಜಿನಲ್ಲೂ ಇಬ್ಬರೂ ಪಾಲುದಾರರು. ಎಪ್ಪತ್ತು ದಾಟಿದ ಹಿರಿಯರೂ ಇಪ್ಪತ್ತೆರಡರ ತರುಣರೂ ಒಂದೇ ಸೂರಿನಡಿ ಬಾಳುವುದು ಸುಲಭದ ಮಾತಲ್ಲ. ತರುಣರು ಹೊಂದಿಕೊಳ್ಳುವ ಹೊತ್ತಿಗೆ ಅವರ ಅವಧಿಯೇ ಮುಗಿಯುತ್ತ ಬರುತ್ತದೆ. ವರ್ಷವಿಡೀ ಅವರನ್ನು ನೆಚ್ಚಿಕೊಂಡ ಮಕ್ಕಳಿಗೂ ಪ್ರತಿ ಬೇಸಿಗೆ ಅಗಲಿಕೆಯ ಕಾಲ. ಯಾವ ಮಗುವಿನ ಮನೆಯ ಸ್ಥಿತಿ ಏನು, ಹಿಂದಿನ ವರ್ಷ ಯಾವ ಪ್ರಯತ್ನ ಫಲಿಸಲಿಲ್ಲ ಎಂಬ ನೆನಪನ್ನು ಕಾಯ್ದು ಹೊಸಬರಿಗೆ ದಾಟಿಸಲು ಹೆಚ್ಚು ಕಾಲ ಉಳಿಯುವವರೊಬ್ಬರು ಬೇಕೇ ಬೇಕು.

ಆತಿಥೇಯರ ಕೊರತೆ

ಸಮಸ್ಯೆ ಇರುವುದು ಇಲ್ಲಿಯೇ. 1960ರ ದಶಕದ ಮಧ್ಯಭಾಗದಲ್ಲಿ ಜಗತ್ತಿನಾದ್ಯಂತ ಸುಮಾರು 16 ಸಾವಿರವಿದ್ದ ಡಿ ಲಾ ಸಾಲ್ ಬ್ರದರ್‌ಗಳ ಸಂಖ್ಯೆ ಈಗ ಸುಮಾರು 3 ಸಾವಿರಕ್ಕೆ ಇಳಿದಿದೆ. ಅಮೆರಿಕದಲ್ಲಿ 2009ರಲ್ಲಿ ಪೂರ್ವ ಭಾಗದ ಮೂರು ಪ್ರಾಂತ್ಯಗಳು ಒಂದಾದವು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹಾಗೂ ನ್ಯೂ ಆರ್ಲಿಯನ್ಸ್–ಸಾಂಟಾ ಫೆ ಪ್ರಾಂತ್ಯಗಳು ವಿಲೀನಗೊಂಡವು. ಪ್ರಾಂತ್ಯ ಹಿರಿದಾದಷ್ಟೂ ವರ್ಗಾವಣೆಯ ದೂರ ಹೆಚ್ಚು. ಸದಸ್ಯರು ಕಡಿಮೆಯಾದಷ್ಟೂ ತೆರವಾದ ಸ್ಥಾನ ತುಂಬುವುದು ಕಷ್ಟ.

ಶಾಲೆಗಳು ಇದರಿಂದ ಮುಚ್ಚಬೇಕೆಂದೇನೂ ಇಲ್ಲ. ಈ ಸಭೆಯ ಸಂಸ್ಥೆಗಳಲ್ಲಿ ಪಾಠ ಮಾಡುವವರಲ್ಲಿ ಬಹುಪಾಲು ಈಗ ವ್ರತಧಾರಿಗಳಲ್ಲದ ಶಿಕ್ಷಕರೇ. ಆದರೆ ಸಂಜೆ ಶಾಲೆಯ ಬಾಗಿಲು ಹಾಕಿದ ಮೇಲೆ ಅವರು ತಮ್ಮ ತಮ್ಮ ಸಂಸಾರಗಳಿಗೆ ಮರಳುತ್ತಾರೆ. ಸ್ವಯಂಸೇವಕರನ್ನು ಬರಮಾಡಿಕೊಂಡು ತಮ್ಮೊಡನೆ ಇರಿಸಿಕೊಳ್ಳುವ ಮನೆಯ ಸ್ಥಾನವನ್ನು ಅವರು ತುಂಬಲಾರರು. ಸೇವೆಗೆ ಬರುವ ತರುಣರಿದ್ದರೂ ಬಾಗಿಲು ತೆರೆಯುವ ಆತಿಥೇಯರಿಲ್ಲ ಎಂಬ ಸ್ಥಿತಿ ಬಂದೊದಗಬಹುದು.

ಸದಸ್ಯರು ಬದಲಾಗುವುದರಿಂದ ಇಂತಹ ಮನೆ ಅಳಿಯುವುದಿಲ್ಲ. ಬದಲಾವಣೆಯನ್ನು ನಿಭಾಯಿಸುವ ನಿಯಮ, ಪ್ರಾರ್ಥನೆ ಮತ್ತು ಊಟದ ಮೇಜು ಮೂರು ಶತಮಾನಗಳಿಂದ ಅಲ್ಲಿವೆ. ಹೋಗುವವರ ಸಂಖ್ಯೆಗೆ ಸರಿಯಾಗಿ ಬರುವವರು ಇಲ್ಲದಿರುವುದೇ ಅದಕ್ಕೆ ಎದುರಾಗಿರುವ ನಿಜವಾದ ಅಪಾಯ. ಒಂದು ಮನೆಯಲ್ಲಿ ಎಷ್ಟು ಮಂದಿ ಅತಿಥಿಗಳಿದ್ದರೂ ಸರಿಯೆ, ಮನೆಯವರೆಂದು ಹೇಳಿಕೊಳ್ಳಲು ಒಬ್ಬಿಬ್ಬರಾದರೂ ಇರಲೇಬೇಕು.