ತಳ ಸೇರುವ ಕಬ್ಬಿಣಕ್ಕೆ ನ್ಯಾನೊ ಮದ್ದು

ಹುಣಸಮಾರನಹಳ್ಳಿ ದಾಟಿ ಬೆಂಗಳೂರು ವಿಮಾನ ನಿಲ್ದಾಣದತ್ತ ಓಡುವ ಕಾರುಗಳಿಗೆ ಬಳ್ಳಾರಿ ರಸ್ತೆ ಎರಡು ಪರೀಕ್ಷೆ ಒಡ್ಡುತ್ತದೆ. ಮುಖ್ಯರಸ್ತೆಯ ವೇಗಕ್ಕೆ ಶಾಕ್ ಅಬ್ಸಾರ್ಬರ್ ಬಿಗಿಯಾಗಿರಬೇಕು. ಸರ್ವಿಸ್ ರಸ್ತೆಗಿಳಿದರೆ ಹಂಪು, ಗುಂಡಿಗಳಿಗೆ ಮೆದುವಾಗಿರಬೇಕು. ಸಾಮಾನ್ಯ ಶಾಕ್ ಅಬ್ಸಾರ್ಬರ್ ಇವೆರಡರ ನಡುವೆ ಎಲ್ಲೋ ರಾಜಿ ಮಾಡಿಕೊಂಡಿರುತ್ತದೆ. ಬೇಕೆಂದಾಗ ಗಟ್ಟಿಯಾಗಿ, ಬೇಡವೆಂದಾಗ ತೆಳುವಾಗುವ ಎಣ್ಣೆಯೂ ಉಂಟು: ಮ್ಯಾಗ್ನೆಟೊರಿಯಾಲಾಜಿಕಲ್ ದ್ರವ, ಬಳಸುವವರ ಬಾಯಲ್ಲಿ ಎಂ.ಆರ್. ಫ್ಲೂಯಿಡ್.

ತಯಾರಿ ಹೇಳಲು ಸುಲಭ. ಸಿಲಿಕೋನ್ ಎಣ್ಣೆಗೆ 1ರಿಂದ 10 ಮೈಕ್ರಾನ್ ಗಾತ್ರದ ಕಾರ್ಬೊನಿಲ್ ಕಬ್ಬಿಣದ ಪುಡಿ ಬೆರೆಸಬೇಕು. ಸುತ್ತಿದ ಕಾಯಿಲ್‌ಗೆ ಕರೆಂಟ್ ಕೊಟ್ಟು ಕಾಂತಕ್ಷೇತ್ರ ಎಬ್ಬಿಸಿದರೆ ಕಣಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಸಾಲುಗಟ್ಟಿ ಸರಪಳಿಯಾಗುತ್ತವೆ, ದ್ರವ ಬಿಗಿಯುತ್ತದೆ. ಕರೆಂಟ್ ತೆಗೆದರೆ ಮತ್ತೆ ಎಣ್ಣೆ. ಅಮೆರಿಕದ ಜೇಕಬ್ ರಾಬಿನೊ 1948ರಲ್ಲೇ ಇದನ್ನು ಕ್ಲಚ್‌ನಲ್ಲಿ ತೋರಿಸಿದ್ದ. ಆದರೂ ಕ್ಯಾಡಿಲಾಕ್ ಸೆವಿಲ್ ಕಾರಿನ ಸಸ್ಪೆನ್ಷನ್‌ಗೆ ಅದು ಬಂದದ್ದು 2002ರಲ್ಲಿ.

ಇಷ್ಟು ತಡವಾಗಲು ಕಬ್ಬಿಣದ ತೂಕವೂ ಒಂದು ಕಾರಣ. ಅದರ ಸಾಂದ್ರತೆ ಎಣ್ಣೆಗಿಂತ ಏಳೆಂಟು ಪಟ್ಟು. ಕದಲಿಸದೆ ಬಿಟ್ಟರೆ ಹಳೆಯ ರಾಗಿ ಅಂಬಲಿಯಂತೆ ಮೇಲೆ ತಿಳಿ, ಕೆಳಗೆ ಗಸಿ. ಅಂಬಲಿಯಾದರೆ ಒಮ್ಮೆ ಕಲಕಿದರಾಯಿತು; ಒತ್ತಿ ಕೂತ ಕಬ್ಬಿಣದ ಪುಡಿ ಅಷ್ಟು ಬೇಗ ಜಗ್ಗುವುದಿಲ್ಲ.

ನ್ಯಾನೊ ಕಣಗಳು ಬರುವುದು ಇಲ್ಲಿ. ದ್ರವದಲ್ಲಿ ಕಣ ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 5 ಮೈಕ್ರಾನ್ ಕಣಕ್ಕಿಂತ 50 ನ್ಯಾನೊಮೀಟರ್ ಕಣ ನೂರು ಪಟ್ಟು ಚಿಕ್ಕದು, ಮುಳುಗುವುದು ಹತ್ತು ಸಾವಿರ ಪಟ್ಟು ನಿಧಾನ. ಅಷ್ಟು ಸಣ್ಣದನ್ನು ಎಣ್ಣೆಯ ಅಣುಗಳ ತಳ್ಳಾಟವೇ ತೇಲಿಸಿಡುತ್ತದೆ. ಇಂಥ ಕಣಗಳನ್ನು ಸ್ವಲ್ಪ ಬೆರೆಸಿದರೆ ದೊಡ್ಡ ಕಣಗಳಿಗೂ ಆಸರೆ. ನ್ಯಾನೊ ಸಿಲಿಕಾ ಎಣ್ಣೆಯೊಳಗೆ ಸಡಿಲವಾದ ಬಲೆ ಹೆಣೆದು ಕಬ್ಬಿಣವನ್ನು ಹಿಡಿಯುತ್ತದೆ. ಮ್ಯಾಗ್ನೆಟೈಟ್ ಕಣಗಳು ದೊಡ್ಡ ಕಣಗಳ ಸುತ್ತ ಸೇರಿ ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಗ್ರಾಫೀನ್ ಆಕ್ಸೈಡ್, ಕಾರ್ಬನ್ ನ್ಯಾನೊಟ್ಯೂಬ್‌ಗಳನ್ನೂ ಪ್ರಯತ್ನಿಸಿದ್ದಾರೆ.

ಇದ್ದ ಕಬ್ಬಿಣದಲ್ಲೇ ಒಂದು ಪಾಲನ್ನು ನ್ಯಾನೊ ಕಬ್ಬಿಣವಾಗಿ ಬದಲಿಸುವುದು ಇನ್ನೊಂದು ದಾರಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ನಾರ್ಮನ್ ವೆರೆಲಿ ಬಳಗ ಇದನ್ನು ಪರೀಕ್ಷಿಸಿತು. ಸ್ವಲ್ಪ ಪಾಲಾದರೆ ಗಸಿ ಕೂರುವುದು ಕಡಿಮೆಯಾಗುತ್ತದೆ, ಬಿಗಿತವೂ ಕೆಡುವುದಿಲ್ಲ. ಪಾಲು ಏರಿದರೆ ಸರಪಳಿಗಳೇ ಬಡವಾಗುತ್ತವೆ, ಏಕೆಂದರೆ ಚಿಕ್ಕ ಕಣಗಳ ನಡುವಿನ ಕಾಂತೀಯ ಸೆಳೆತ ದುರ್ಬಲ. ಮೇಲಾಗಿ ಕರೆಂಟ್ ಇಲ್ಲದಾಗಲೂ ದ್ರವ ದಪ್ಪಗಾಗಿ ಸವಾರಿ ಒರಟಾಗುತ್ತದೆ. ‘ನ್ಯಾನೊ’ ಎಂಬ ಹೆಸರಿಗೇ ಮರುಳಾಗುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ!

ಕರ್ನಾಟಕದಲ್ಲಿ ಎಂ.ಆರ್. ದ್ರವದ ಕೆಲಸ ಹಿಡಿದವರಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಮೆಕ್ಯಾನಿಕಲ್ ವಿಭಾಗದವರೂ ಸೇರಿದ್ದಾರೆ. ದ್ರವವನ್ನು ತಾವೇ ತಯಾರಿಸಿ, ಡ್ಯಾಂಪರ್‌ಗೆ (ಶಾಕ್ ಅಬ್ಸಾರ್ಬರ್‌ನಂತೆ ಕಂಪನ ತಗ್ಗಿಸುವ ಸಾಧನ) ತುಂಬಿ, ಕಂಪನಕ್ಕೊಡ್ಡಿ ಅಳೆಯುತ್ತಾರೆ.

ಗಾಜಿನ ಕೊಳವೆಯಲ್ಲಿ ಗಸಿ ಎಷ್ಟು ಕೂತಿತೆಂಬ ಲೆಕ್ಕ ಒಂದೇ ಸಾಲದು. ಕೂತದ್ದು ಎಷ್ಟು ಬೇಗ ಮತ್ತೆ ಬೆರೆಯುತ್ತದೆ ಎಂಬುದೂ ಮುಖ್ಯ. ದಿನಾ ಓಡುವ ಕಾರಿನ ಡ್ಯಾಂಪರ್ ತಾನೇ ಕಲಕಿಕೊಳ್ಳುತ್ತದೆ. ಚೀನಾದ ಡೊಂಗ್‌ಟಿಂಗ್ ಸರೋವರದ ಸೇತುವೆಯ ಕೇಬಲ್‌ಗಳಿಗೆ ಹಾಕಿದ ಎಂ.ಆರ್. ಡ್ಯಾಂಪರ್‌ಗಳನ್ನು ಗಾಳಿ ಅಲ್ಲಾಡಿಸುತ್ತದೆ. ಕಷ್ಟ ಇರುವುದು ಭೂಕಂಪಕ್ಕೆಂದು ಕಟ್ಟಡದಲ್ಲಿ ಕೂರಿಸಿದ ಡ್ಯಾಂಪರ್‌ಗೆ: ವರ್ಷಗಟ್ಟಲೆ ಕದಲದೆ ಇದ್ದು, ಮೊದಲ ಅಲುಗಾಟಕ್ಕೇ ಪೂರ್ತಿ ಬಲ ಕೊಡಬೇಕು. ನ್ಯಾನೊ ಬೆರಕೆಯ ಖರ್ಚು ಮೊದಲು ಸಾರ್ಥಕವಾಗುವುದು ಅಂಥ ಕಡೆ.