ರಕ್ತದ ಬಳುವಳಿ: ತಿಳಿವಳಿಕೆಯೇ ರಕ್ಷೆ

ಹಿರಿಯರಿಂದ ನಮಗೆ ಬರುವುದು ಹೊಲ, ಮನೆ, ಭಾಷೆಗಳು ಮಾತ್ರವಲ್ಲ. ರಕ್ತದ ಗುಣವೂ ಬಳುವಳಿಯಾಗಿ ಬರುತ್ತದೆ. ನೀಲಗಿರಿ, ವಯನಾಡು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ನಾವು ಇಂಥವುಗಳಲ್ಲಿ ಅವಶ್ಯವಾಗಿ ತಿಳಿದಿರಬೇಕಾದುದು ಸಿಕಲ್ ಸೆಲ್ ಅನೀಮಿಯಾ, ಎಂದರೆ ಕುಡುಗೋಲು ಕಣದ ರಕ್ತಹೀನತೆ. ಭಾರತದಲ್ಲಿ ಈ ಲಕ್ಷಣವನ್ನು ಗುರುತಿಸಿದ ಮೊದಲ ವರದಿಗಳಲ್ಲೊಂದು 1952ರಲ್ಲಿ ನೀಲಗಿರಿಯ ಆದಿವಾಸಿಗಳನ್ನು ಕುರಿತು ಬಂದಿತು.

ಆರೋಗ್ಯವಂತರ ಕೆಂಪು ರಕ್ತಕಣ ದುಂಡಗಿದ್ದು ಮೃದುವಾಗಿರುತ್ತದೆ. ಈ ರೋಗದಲ್ಲಿ ಹಿಮೋಗ್ಲೋಬಿನ್ನಿನ ಒಂದು ಸಣ್ಣ ಬದಲಾವಣೆಯಿಂದ ಕಣವು ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ; ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲುಗಳ ಅಸಹನೀಯ ನೋವು, ನಿಶ್ಶಕ್ತಿ, ಕಾಮಾಲೆ, ಪದೇಪದೇ ಸೋಂಕು ಇದರ ಲಕ್ಷಣಗಳು. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯಿಂದ ನೋವಿನ ಬಾಧೆ ಬಹಳಷ್ಟು ತಗ್ಗುತ್ತದೆ.

ತಂದೆಯಿಂದಲೂ ತಾಯಿಯಿಂದಲೂ ಈ ವಂಶವಾಹಿ ಬಂದರೆ ಮಾತ್ರ ಮಗುವಿಗೆ ಈ ರಕ್ತಹೀನತೆ ಬರುತ್ತದೆ. ಒಬ್ಬರಿಂದ ಮಾತ್ರ ಬಂದವರು ‘ವಾಹಕರು’. ಅವರು ಸಾಮಾನ್ಯವಾಗಿ ಆರೋಗ್ಯವಂತರು. ವಾಹಕರಿಬ್ಬರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವ ನೂರಕ್ಕೆ 25, ವಾಹಕ ಮಗುವಿನ ಸಂಭವ 50, ಎರಡೂ ಇಲ್ಲದಿರುವ ಸಂಭವ 25. ಮೊದಲ ಮಗು ರೋಗಿಯಾದರೆ ಮುಂದಿನ ಮೂವರು ಪಾರಾದರೆಂದು ಭಾವಿಸುವುದು ತಪ್ಪು ಲೆಕ್ಕ.

ಇದನ್ನು ಕುಲದ ಕಳಂಕವೆಂದು ಕಾಣುವವರು ಇಂದಿಗೂ ಇದ್ದಾರೆ. ಆದರೆ ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆಯಿತ್ತು. ಆದುದರಿಂದಲೇ ಮಲೇರಿಯಾ ಹಬ್ಬಿದ್ದ ಆಫ್ರಿಕಾ, ಅರೇಬಿಯಾ, ಭಾರತಗಳಲ್ಲಿ ಈ ಗುಣ ಉಳಿದು ಬಂದಿತು. ವಯನಾಡಿನಲ್ಲಿ ಆದಿವಾಸಿಗಳಲ್ಲಿ ಮಾತ್ರವಲ್ಲದೆ ಚೆಟ್ಟಿಯರಲ್ಲಿಯೂ ಇದು ಕಂಡುಬಂದಿದೆ. ಇದು ಪೂರ್ವಜರು ಬಾಳಿದ ಕಾಡಿನ ಗುರುತೇ ಹೊರತು ಪಾಪದ ಫಲವಲ್ಲ.

ಪರೀಕ್ಷೆ ಮಾಡಿಸಿದರೆ ವಿಮೆ ದೊರೆಯದೆಂಬ ಅಂಜಿಕೆಯೂ ಹಲವರಲ್ಲಿದೆ. ಅನುವಂಶೀಯ ರೋಗವೆಂಬ ಕಾರಣಕ್ಕೆ ಆರೋಗ್ಯ ವಿಮೆಯ ಪರಿಹಾರವನ್ನು ನಿರಾಕರಿಸುವುದು ತಾರತಮ್ಯವೆಂದು ದೆಹಲಿ ಉಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಮರು ತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರವು ಆ ನೆಪದಿಂದ ಪರಿಹಾರ ನಿರಾಕರಿಸಬಾರದೆಂದು ಆದೇಶಿಸಿತು. ಆದರೂ ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯುವ ಅವಧಿಯನ್ನು ವಿಧಿಸಬಹುದು. ಆದುದರಿಂದ ವಿಮೆಯನ್ನು ಬೇಗನೆ ಮಾಡಿಸಿ, ಅರ್ಜಿಯಲ್ಲಿ ಕೇಳಿದುದಕ್ಕೆ ನಿಜವನ್ನೇ ಬರೆಯುವುದು ಲೇಸು. ಮರೆಮಾಚಿದ ಸಂಗತಿಯೇ ಮುಂದೆ ಪರಿಹಾರಕ್ಕೆ ಅಡ್ಡಿಯಾಗಬಹುದು.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನವು 2047ರೊಳಗೆ ಈ ರೋಗವನ್ನು ನಿವಾರಿಸುವ ಗುರಿ ಹೊಂದಿದೆ. ಅಭಿಯಾನದ ಯಶಸ್ಸು ಮನೆಮನೆಯ ವಿವೇಕವನ್ನು ಅವಲಂಬಿಸಿದೆ. ನಮ್ಮ ಶಾಲೆಯಲ್ಲಿ ಓದಿ ಇಂದು ತಾಯ್ತಂದೆಯರಾಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಅರಿಕೆ ಇಷ್ಟೇ: ಜಾತಕ ನೋಡುವ ಮನೆಗಳಲ್ಲಿ ವಧೂವರರಿಬ್ಬರ ರಕ್ತಪರೀಕ್ಷೆಯೂ ಆಗಲಿ. ಹುಡುಗಿಯೊಬ್ಬಳನ್ನೇ ಪರೀಕ್ಷಿಸಿ ಸಂಬಂಧ ಮುರಿಯುವುದು ಅನ್ಯಾಯ. ವಾಹಕರೆಂದು ತಿಳಿದವರನ್ನು ದೂರ ಮಾಡದೆ, ಇಬ್ಬರನ್ನೂ ವೈದ್ಯರ ಸಲಹೆಗೆ ಕರೆದೊಯ್ಯುವುದೇ ವಿದ್ಯಾವಂತರ ಲಕ್ಷಣ.