ಧಾರವಾಡದಲ್ಲೊಂದು ಖೋಲಿ

ಮುಂಗಾರು ಶುರುವಾಯಿತೆಂದರೆ ರಟ್ಟೀಹಳ್ಳಿ ಭಾಗದ ಅನೇಕ ರೈತ ಕುಟುಂಬಗಳಿಗೆ ಎರಡು ಖರ್ಚು ಒಟ್ಟಿಗೇ ಎದುರಾಗುತ್ತವೆ. ಒಂದು ಗೋವಿನಜೋಳದ ಬೀಜ, ಗೊಬ್ಬರ. ಇನ್ನೊಂದು, ಕಾಲೇಜು ಸೇರುವ ಮಗನಿಗೋ ಮಗಳಿಗೋ ಧಾರವಾಡದಲ್ಲೊಂದು ಖೋಲಿ. ಫಸಲಿನ ಹಣ ಕೈಸೇರುವುದು ದೀಪಾವಳಿಯ ಆಚೀಚೆ. ಮನೆ ಮಾಲೀಕರು ಮುಂಗಡ ಕೇಳುವುದು ಆಷಾಢದಲ್ಲಿ!

1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಈ ಊರಿಗೆ ಧಾರವಾಡವೇ ಜಿಲ್ಲಾ ಕೇಂದ್ರವಾಗಿತ್ತು. ಕಚೇರಿ ಕೆಲಸ ಹಾವೇರಿಗೆ ಬಂದರೂ ಓದಿನ ದಾರಿ ಬದಲಾಗಲಿಲ್ಲ. ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ, ಸಪ್ತಾಪುರದ ತರಬೇತಿ ಕೇಂದ್ರಗಳು ಇಂದಿಗೂ ಹಳ್ಳಿಯ ಮಕ್ಕಳನ್ನು ಸೆಳೆಯುತ್ತಿವೆ.

ಪಾಲಕರು ಮೊದಲು ಕೇಳುವುದು 'ಬಾಡಿಗೆ ಎಷ್ಟು?' ಎಂದು. ಆದರೆ ಖೋಲಿಯ ನಿಜವಾದ ಬೆಲೆ ಆ ಒಂದು ಅಂಕಿಯಲ್ಲಿಲ್ಲ. ಲೆಕ್ಕಕ್ಕಾಗಿ ಬಾಡಿಗೆ 6,000 ರೂ., ಮುಂಗಡ 30,000 ರೂ. ಎಂದಿಟ್ಟುಕೊಳ್ಳೋಣ. ಮೂವರು ಹಂಚಿಕೊಂಡರೆ ತಲೆಗೆ ತಿಂಗಳಿಗೆ 2,000 ರೂ. ಮಾತ್ರ. ಆದರೆ ಒಳಗೆ ಕಾಲಿಡುವ ದಿನವೇ ಒಬ್ಬೊಬ್ಬರೂ 12,000 ರೂ. ಹೊಂದಿಸಬೇಕು. ನಡುವೆ ಒಬ್ಬ ಬಿಟ್ಟುಹೋದನೋ, ಉಳಿದಿಬ್ಬರ ಪಾಲು 3,000 ರೂ.ಗೆ ಏರುತ್ತದೆ. ರಜೆಯಲ್ಲಿ ಬೀಗ ಹಾಕಿದ ಖೋಲಿಗೂ ಬಾಡಿಗೆ ತಪ್ಪದು.

ಕರಾರು ಪತ್ರ ಸಾಮಾನ್ಯವಾಗಿ 11 ತಿಂಗಳಿನದೇ ಏಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಕಂಡುಕೊಂಡ ಉಪಾಯವಿದು. ಬಾಯಿಮಾತಿನಲ್ಲಿ ಮುಗಿಸುವುದಕ್ಕಿಂತ ಇದು ಎಷ್ಟೋ ಮೇಲು. ಬಿಡುವಾಗ ಸುಣ್ಣ-ಬಣ್ಣದ ಹೆಸರಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಅದರಲ್ಲಿ ಬರೆಸಬೇಕು. ಜಗಳವಾಗುವುದೆಲ್ಲ ಅಲ್ಲೇ.

ಇನ್ನು ವಿದ್ಯುತ್ತು. 2023ರ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಆದರೆ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನೀರು ಕಾಯಿಸುವ 1,500 ವ್ಯಾಟಿನ ಕಾಯಿಲ್ 40 ನಿಮಿಷ ಉರಿದರೆ ಒಂದು ಯೂನಿಟ್. ನಾಲ್ವರು ದಿನಕ್ಕೆ ಅರ್ಧರ್ಧ ತಾಸು ಬಳಸಿದರೆ ತಿಂಗಳಿಗೆ 90 ಯೂನಿಟ್ ಸ್ನಾನಕ್ಕೇ ಹೋಯಿತು. ಎರಡು ಮೂರು ಖೋಲಿಗಳಿಗೆ ಒಂದೇ ಮೀಟರ್ ಇದ್ದರಂತೂ ಮಿತಿ ದಾಟುವುದು ತಡವಾಗದು. ಮೀಟರ್ ಬೇರೆಯಿದೆಯೇ, ನಳದ ನೀರು ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮಾಲೀಕರನ್ನಷ್ಟೇ ಅಲ್ಲ, ಪಕ್ಕದ ಖೋಲಿಯ ಹುಡುಗರನ್ನೂ ಕೇಳುವುದು ಜಾಣತನ.

ಖೋಲಿಯೇ ಬೇಕೆಂದೇನೂ ಇಲ್ಲ. ಸರ್ಕಾರಿ ವಸತಿನಿಲಯಕ್ಕೆ ಮೊದಲು ಅರ್ಜಿ ಹಾಕುವುದು ಒಳ್ಳೆಯದು. ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಿದೆ. 2013-14ರಲ್ಲಿ ಆರಂಭವಾದಾಗ ಅದು ತಿಂಗಳಿಗೆ 1,500 ರೂ.ನಂತೆ 10 ತಿಂಗಳ ನೆರವಾಗಿತ್ತು. ಬೇಕಾದ ಕೋರ್ಸು ರಾಣೇಬೆನ್ನೂರು ಅಥವಾ ಹಾವೇರಿಯಲ್ಲೇ ಸಿಕ್ಕರೆ ಹೆಣ್ಣುಮಕ್ಕಳು 2023ರಿಂದ ಜಾರಿಯಲ್ಲಿರುವ 'ಶಕ್ತಿ' ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಹೋಗಿಬರಬಹುದು. ಆದರೆ ಸಂಜೆ ಪ್ರಾಯೋಗಿಕ ತರಗತಿ ಮುಗಿದ ಮೇಲೆ ಊರಿಗೆ ಬಸ್ಸಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.